ಕಾಯಿಲೆಯ ಹೆಸರು

ಪ್ರಶ್ನೆಯಲ್ಲಿದ್ದ ಗಂಡಸಿಗೆ ಹೆಸರಿರಲಿಲ್ಲ. ವಯಸ್ಸು ಅರವತ್ತು ದಾಟಿದೆ, ಸಿಗರೇಟು ಬಿಟ್ಟು ಬಹಳ ಕಾಲವಾಗಿಲ್ಲ, ಕೆಲವು ವಾರಗಳಿಂದ ಕೆಮ್ಮು, ಕಫದಲ್ಲಿ ಒಂದೆಳೆ ರಕ್ತ, ಮೈ ಇಳಿದಿದೆ. ನೀವು ಮೊದಲು ಏನು ಮಾಡುತ್ತೀರಿ? ಕೆಳಗೆ ನಾಲ್ಕು ಉತ್ತರಗಳು. ರೀಥಾ ಕೂಮ್ಸ್ ಚರ್ಚಿಗೆಂದು ತೊಟ್ಟಿದ್ದ ನೀಲಿ ಅಂಗಿಯ ಮೇಲೆ ಕಾಫಿ ಚೆಲ್ಲದಿರಲೆಂದು ಟವೆಲು ಹರಡಿಕೊಂಡು, ಅಡುಗೆಮನೆಯ ಮೇಜಿನ ಮುಂದೆ ಕೂತು, ಉತ್ತರಗಳನ್ನು ಬಿಟ್ಟು ಆ ಗಂಡಸನ್ನೇ ಯೋಚಿಸಿದಳು. ಅವನನ್ನು ಕರೆದುಕೊಂಡು ಬಂದವರು ಯಾರು? ತಾನಾಗಿ ಬಂದಿರಲಾರ. ಈ ವಯಸ್ಸಿನ ಗಂಡಸರು ತಾವಾಗಿ ಬರುವುದನ್ನು ಅವಳು ಇಪ್ಪತ್ತು ವರ್ಷದ ನರ್ಸಿನ ಕೆಲಸದಲ್ಲಿ ಕಂಡಿರಲಿಲ್ಲ. ಹೆಂಡತಿಯೋ ಮಗಳೋ ಬೈದು ಗಾಡಿ ಹತ್ತಿಸಿರಬೇಕು. ರಕ್ತವನ್ನು ಮೊದಲು ಕಂಡವಳು ಬಟ್ಟೆ ಒಗೆಯುವವಳೇ ಇರಬೇಕು. ಕಂಡವಳು ಆ ದಿನವೇ ಕೇಳಿದಳೋ, ಕರ್ಚೀಫನ್ನು ಮತ್ತೆ ನೆನೆಹಾಕಿ ಸುಮ್ಮನಿದ್ದಳೋ? ಗಣಿಯಲ್ಲಿ ದುಡಿದವನೋ, ಶಾಲೆಯ ಬಸ್ಸು ಓಡಿಸಿದವನೋ? ಪ್ರಶ್ನೆ ಬರೆದವರಿಗೆ ಇದೊಂದೂ ಬೇಕಿರಲಿಲ್ಲ. ಅವಳ ಬೆರಳು ತಾನೇ ತಾನಾಗಿ ಮೂರನೆಯ ಉತ್ತರವನ್ನು ಒತ್ತಿತು: ಜೊತೆಯ ಡಾಕ್ಟರಿಗೆ ಫೋನು ಮಾಡಿ ಕೇಳುವುದು. ಲ್ಯಾಪ್‌ಟಾಪಿನ ಪರದೆ ಕೆಂಪಾಯಿತು: ತಪ್ಪು.

"ಮತ್ತೆ ಫೋನ್ ಮಾಡಿದ್ರಾ?" ಎಂದು ಮೇಜಿನ ಮೇಲಿದ್ದ ಫೋನಿನೊಳಗಿಂದ ಕೆಜಾಯ ಕೇಳಿದಳು. ಇಬ್ಬರೂ ಒಂದೇ ಕೋರ್ಸು ಮುಗಿಸಿದವರು. ಕೆಜಾಯಳಿಗೆ ಇನ್ನೂ ಮೂವತ್ತಾಗಿಲ್ಲ, ವಾರ್ಡಿನಲ್ಲಿ ನಿಂತು ಕೆಲಸ ಮಾಡಿದ್ದು ಎರಡೇ ವರ್ಷ, ಪರೀಕ್ಷೆಯನ್ನು ಮೊದಲ ಸಲಕ್ಕೇ ಹಣ್ಣು ತಿಂದಷ್ಟು ಸಲೀಸಾಗಿ ಪಾಸು ಮಾಡಿ, ಈಗ ಭಾನುವಾರದ ಬೆಳಗ್ಗೆ ಹಾಸಿಗೆಯಲ್ಲಿ ಬಿದ್ದುಕೊಂಡೇ ರೀಥಾಳಿಗೆ ಪಾಠ ಹೇಳಿಕೊಡುತ್ತಿದ್ದಳು.

"ಮಾಡ್ದೆ."

"ರೀಥಕ್ಕಾ, ಎಷ್ಟು ಸಲ ಹೇಳ್ಲಿ? ಆ ಕಡೆ ಫೋನ್ ಎತ್ತೋಕೆ ಯಾರೂ ಇಲ್ಲ. ಫೋನ್ ಬಂದಿರೋದೇ ನಿಮಗೆ. ಸರಿ, ಆ ಮನುಷ್ಯಂಗೆ ಏನಾಗಿದೆ ಹೇಳಿ."

"ಕೆಮ್ಮು, ಕಫದಲ್ಲಿ ರಕ್ತ, ತೂಕ ಕಡಿಮೆ ಆಗಿದೆ, ಬಲಗಡೆ ಮೇಲ್ಭಾಗದಲ್ಲಿ ಉಸಿರಿನ ಸದ್ದು ಕಮ್ಮಿ—"

"ಅದು ವರ್ಣನೆ ಅಕ್ಕಾ. ಅದನ್ನೆಲ್ಲ ಅವರೇ ಮೇಲೆ ಬರ್ದಿದಾರೆ. ಕಾಯಿಲೆ ಹೆಸರು ಹೇಳಿ."

ರೀಥಾಳಿಗೆ ಹೆಸರು ಗೊತ್ತಿತ್ತು. ಎರಡನೆಯ ಸಾಲು ಓದುವ ಹೊತ್ತಿಗೇ ಗೊತ್ತಾಗಿತ್ತು. ಗೊತ್ತಿದ್ದೂ ನಾಲಿಗೆಯವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು, ದೊಡ್ಡವರ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ನಿಂತವರ ಹಾಗೆ. ಇದೇನು ವಿಚಿತ್ರ ಎಂದು ಅವಳಿಗೆ ತನ್ನ ಬಗ್ಗೆಯೇ ಕುತೂಹಲವಾಯಿತು. ಹೆದರಿಕೆ ಎನ್ನಲು ಎದೆಯೇನೂ ಹೊಡೆದುಕೊಳ್ಳುತ್ತಿರಲಿಲ್ಲ. ಮರೆವು ಎನ್ನಲು ಮರೆತಿರಲಿಲ್ಲ. ಹಾಗಾದರೆ ಆ ಹೊಸ್ತಿಲಲ್ಲಿ ಅಡ್ಡ ನಿಂತಿರುವವರು ಯಾರು? ನಿಂತಿದ್ದವರು ಡಾಕ್ಟರ್ ಪ್ರೂಯಿಟ್ ಇರಬಹುದು, ಅವರು ಸತ್ತು ಆರು ವರ್ಷವಾದರೂ. ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬೆಳಗ್ಗೆ ಅವಳು ಅವರಿಗೆ ಫೋನು ಮಾಡಿ, ನಾಲ್ಕನೇ ಕೋಣೆಯ ಅಜ್ಜಿಗೆ ನ್ಯುಮೋನಿಯ ಆಗಿದೆ ಎಂದುಬಿಟ್ಟಿದ್ದಳು. ಅವರು ಬಂದರು, ಎಲ್ಲರೂ ನಿಂತಿದ್ದ ಕಡೆ ತಮ್ಮ ಡಾಕ್ಟರ ಕೋಟು ತೆಗೆದು ಅವಳ ಕಡೆ ಚಾಚಿ, "ತಗೊಳ್ಳಮ್ಮ, ಇನ್ನು ಇದು ನೀನೇ ಹಾಕ್ಕೋ" ಎಂದರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಜ್ಜಿಗೆ ಆಗಿದ್ದದ್ದು ನ್ಯುಮೋನಿಯವೇ. ಅಂದಿನಿಂದ ಅವಳು ಹೆಸರು ಹೇಳದೆ ಹೇಳುವ ವಿದ್ಯೆ ಕಲಿತಳು. ಡಾಕ್ಟ್ರೇ, ಕಾಲು ಒಂಚೂರು ದಪ್ಪ ಕಾಣುತ್ತೆ, ನಿನ್ನೆ ಇರಲಿಲ್ಲ, ಮುಟ್ಟಿದರೆ ಬಿಸಿ, ಹೋದ ಸಲ ಇಂಥದ್ದೇ ಒಬ್ಬರಿಗೆ ತಾವು ಸ್ಕ್ಯಾನ್ ಮಾಡಿಸಿದ್ರಿ, ಇವರಿಗೆ ಏನು ಮಾಡೋಣ ಅಂತ ಕೇಳೋಕೆ ಮಾಡ್ದೆ. ಆ ಕಡೆಯಿಂದ ಡಾಕ್ಟರು, ತಮಗೇ ಹೊಳೆದವರಂತೆ, ಸ್ಕ್ಯಾನ್ ಮಾಡಿಸು ಎನ್ನುತ್ತಿದ್ದರು. ಆಗಲಿ ಡಾಕ್ಟ್ರೇ. ಅವಳು ಈ ವಿದ್ಯೆಯಲ್ಲಿ ಎಷ್ಟು ಪಳಗಿದ್ದಳೆಂದರೆ ಹೊಸ ನರ್ಸುಗಳು ಅವಳ ಪಕ್ಕ ನಿಂತು ಅವಳು ಫೋನಿನಲ್ಲಿ ಮಾತಾಡುವುದನ್ನು ಕೇಳಿ ಕಲಿಯುತ್ತಿದ್ದರು. ಅದರ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು.

"ಅಕ್ಕಾ, ಇದ್ದೀರಾ?"

"ಇದ್ದೀನಿ. ಚರ್ಚಿಗೆ ಹೊತ್ತಾಯ್ತು. ಮಧ್ಯಾಹ್ನ ಮಾಡ್ತೀನಿ."

"ಮಂಗಳವಾರ ಪರೀಕ್ಷೆ, ನೆನಪಿರಲಿ" ಎಂದಳು ಕೆಜಾಯ, ಮರೆಯುವುದಕ್ಕೆ ಸಾಧ್ಯವಿರುವವರಿಗೆ ಹೇಳುವಂತೆ.

ಮರೆಯುವುದು ಹೇಗೆ? ಊರಿಗೆ ಊರೇ ನೆನಪಿಟ್ಟುಕೊಂಡಿತ್ತು. ಏಪ್ರಿಲ್‌ನಲ್ಲಿ ಒಮ್ಮೆ ಕೂತು ಫೇಲಾದದ್ದೂ ಊರಿಗೆ ನೆನಪಿತ್ತು. ಸೇತುವೆಯ ಈಚೆ ದಡದಲ್ಲಿ, ಹಿಂದೆ ಚಪ್ಪಲಿ ಅಂಗಡಿಯಿದ್ದ ಕಟ್ಟಡದಲ್ಲಿ, ಇಮೋಜೀನ್ ಎಂಬಾಕೆ ನಡೆಸುವ ಕ್ಲಿನಿಕ್ಕೊಂದಿದೆ, ಕಣಿವೆಗೆಲ್ಲ ಅದೊಂದೇ. ಆಕೆಯೂ ಡಾಕ್ಟರಲ್ಲ, ರೀಥಾ ಈಗ ಆಗಹೊರಟಿರುವಂಥ ನರ್ಸ್ ಪ್ರಾಕ್ಟಿಷನರೇ: ತಾನೇ ನೋಡಿ, ತಾನೇ ಕಾಯಿಲೆ ಯಾವುದೆಂದು ಹೇಳಿ, ತಾನೇ ಮಾತ್ರೆ ಬರೆದುಕೊಡುವ ನರ್ಸು. ಆಕೆಗೆ ವಯಸ್ಸಾಯಿತು, ಕ್ರಿಸ್‌ಮಸ್‌ಗೆ ನಿಲ್ಲಿಸುತ್ತೇನೆ ಎಂದಿದ್ದಾಳೆ. ಮಂಗಳವಾರ ರೀಥಾ ಪಾಸಾದರೆ ಆ ಕುರ್ಚಿ ಅವಳದ್ದು. ಆಗದಿದ್ದರೆ ಈ ವರ್ಷಕ್ಕೆ ಇನ್ನೊಂದು ಸಲ ಕೂರಲು ಬಿಡುವುದಿಲ್ಲ, ಬೇರೆ ಯಾರೂ ಈ ಬೆಟ್ಟದ ಸಂದಿಗೆ ಬರುವವರಿಲ್ಲ, ಬಾಗಿಲಿಗೆ ಬೀಗ ಬೀಳುತ್ತದೆ, ಕಣಿವೆಯ ಜನ ಕಿವಿನೋವಿಗೂ ಬೆಟ್ಟ ಹತ್ತಿಳಿದು ಹೋಗಬೇಕು. ಇದನ್ನು ಯಾರೂ ಅವಳ ಮುಖಕ್ಕೆ ಹೇಳುತ್ತಿರಲಿಲ್ಲ. ಅದರ ಬದಲು ಪ್ರಾರ್ಥನೆ ಮಾಡುತ್ತಿದ್ದರು. ಆ ಭಾನುವಾರವೂ ಪಾದ್ರಿ, ಯಾರಿಗಾಗಿ ಬೇಡಿಕೊಳ್ಳಬೇಕೆಂದು ಕೇಳಿದಾಗ, ಹಿಂದಿನ ಸಾಲಿನ ಒಬ್ಬಳು ಸೊಂಟದ ಆಪರೇಷನ್ ಆದ ತನ್ನ ತಂಗಿಯ ಹೆಸರು ಹೇಳಿದಳು, ಇನ್ನೊಬ್ಬ ಕಳೆದುಹೋದ ತನ್ನ ಬೇಟೆನಾಯಿಯ ಹೆಸರು ಹೇಳಿದ, ನಡುವೆ ಯಾರೋ "ನಮ್ಮ ರೀಥಾಳ ಪರೀಕ್ಷೆ" ಎಂದರು. ಎಲ್ಲರೂ ಅವಳ ಕಡೆ ತಿರುಗಿ ಕನಿಕರದಿಂದ ನಕ್ಕರು. ರೀಥಾ ತಲೆ ತಗ್ಗಿಸಿ ಕಣ್ಣು ಮುಚ್ಚಿದಳು. ನಾಯಿ ಸಿಕ್ಕಿದರೆ ಒಳ್ಳೆಯದು ಎಂದು ಅವಳಿಗೆ ಪ್ರಾಮಾಣಿಕವಾಗಿ ಅನ್ನಿಸಿತು.

ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲದಡಿಯ ಕೆಳಮನೆಯಲ್ಲಿ ಊಟ. ಉದ್ದ ಮೇಜಿನ ಮೇಲೆ ಕೋಳಿಸಾರಿನಲ್ಲಿ ಬೆಂದ ಹಿಟ್ಟಿನುಂಡೆ, ಹುರುಳಿಕಾಯಿ, ಹಂದಿಮಾಂಸ ಹಾಕಿ ಬೇಯಿಸಿದ ಕಾಳು, ಮೆಕ್ಕೆಜೋಳದ ಬ್ರೆಡ್ಡು, ಮೂವರು ಹೆಂಗಸರು ಒಬ್ಬರಿಗೊಬ್ಬರು ಹೇಳದೆ ಮಾಡಿ ತಂದ ಮೂರು ಪಾತ್ರೆ ಬಾಳೆಹಣ್ಣಿನ ಪುಡಿಂಗು. ಊಟವಾದ ಮೇಲೆ ರೀಥಾಳ ಸುತ್ತ ಜನ ಸೇರುವುದು ವಾಡಿಕೆ. ಒಬ್ಬರು ತೋಳಿನ ಮಚ್ಚೆ ತೋರಿಸುತ್ತಾರೆ, ಒಬ್ಬರು ಮಾತ್ರೆಯ ಸೀಸೆಯನ್ನೇ ತಂದಿರುತ್ತಾರೆ, ಒಬ್ಬಳು ಎಲ್ಲರೂ ಹೋಗಲೆಂದು ಕಾದು ಕಿವಿಯಲ್ಲಿ ಹೇಳುತ್ತಾಳೆ. ಅವಳು ಎಲ್ಲವನ್ನೂ ನೋಡುತ್ತಿದ್ದಳು, ಎಲ್ಲವನ್ನೂ ಕೇಳುತ್ತಿದ್ದಳು, ನೋಡುವುದು ಕೇಳುವುದು ಅವಳಿಗೆ ಇಷ್ಟ. ಕೊನೆಗೆ ಎಲ್ಲರಿಗೂ ಒಂದೇ ಮಾತು: ಡಾಕ್ಟರಿಗೆ ತೋರಿಸಿಬಿಡಿ. ಅವರೂ ತಲೆಯಾಡಿಸಿ, ತೋರಿಸಿದಷ್ಟೇ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ತೋರಿಸುತ್ತಿದ್ದರೋ ಇಲ್ಲವೋ ಎಂದು ಅವಳು ಯಾವತ್ತೂ ಕೇಳಿರಲಿಲ್ಲ. ಯಾಕೆ ಕೇಳಲಿಲ್ಲ ಎಂಬ ಪ್ರಶ್ನೆ ಇಂದು ತಟ್ಟೆಯ ಮುಂದೆ ಕೂತಿದ್ದಾಗ ಎದ್ದು, ಎದುರಿಗೇ ಬಂದು ಕೂತಿತು.

ಆಗ ವರ್ಲಿನ್ ಮಾಮ ಕುರ್ಚಿ ಎಳೆದುಕೊಂಡು ಬಂದ. ತಾಯಿಯ ದೊಡ್ಡಪ್ಪನ ಮಗ, ಊರಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುವವನು, ಎಲ್ಲರಿಗಿಂತ ಕೆಟ್ಟದಾಗಿ ಹಾಡುವವನೂ ಅವನೇ. ಎಡಗಾಲಿನ ಪ್ಯಾಂಟು ಮಡಚಿ, ಕಾಲನ್ನು ಎತ್ತಿ ಅವಳ ಮಡಿಲಿಗೇ ಇಟ್ಟ.

"ನೋಡೇ ರೀಥಾ, ನಿನ್ನ ಪರೀಕ್ಷೆಗೆ ಒಂದು ಪ್ರಶ್ನೆ ತಂದಿದೀನಿ. ಮಿಶಿಗನ್‌ಗೆ ಹೋಗಿದ್ವಲ್ಲ, ಮಗನ ಮನೆಗೆ. ವಾಪಸ್ ಬರ್ತಾ ಒಂದೇ ಏಟಿಗೆ ಓಡಿಸ್ಕೊಂಡು ಬಂದೆ. ಇವಳು ನಿಲ್ಲಿಸು ನಿಲ್ಲಿಸು ಅಂತ ಬಡ್ಕೊಂಡ್ಲು."

"ಬಡ್ಕೊಂಡೆ" ಎಂದಳು ಹಿಂದೆ ನಿಂತಿದ್ದ ಅವನ ಹೆಂಡತಿ ಓಸೀ, ಪುಡಿಂಗಿನ ಪಾತ್ರೆ ಒರೆಸುತ್ತ. "ನನ್ನ ಮಾತಿಗೆ ಈ ಕಾಲು ನಿಂತಿದ್ದು ಯಾವಾಗ?"

ಎಲ್ಲರೂ ನಕ್ಕರು. ರೀಥಾ ನಗಲಿಲ್ಲ. ಮೀನಖಂಡ ಊದಿ ಹೊಳೆಯುತ್ತಿತ್ತು. ಬೆರಳಿಟ್ಟಳು, ಬಿಸಿ. ಒತ್ತಿದಳು, ಮಾಮನ ನಗು ಅರ್ಧಕ್ಕೇ ನಿಂತಿತು. ಇನ್ನೊಂದು ಕಾಲಿನ ಪಕ್ಕ ಇಟ್ಟು ನೋಡಿದಳು. ಅವಳೊಳಗೆ ಆ ಫೋನಿನ ದನಿ ತಾನಾಗಿ ಶುರುವಾಯಿತು. "ಎಡಗಾಲು ಒಂಚೂರು ದಪ್ಪ ಕಾಣುತ್ತೆ ಮಾಮ, ಬಿಸಿ ಇದೆ, ದೂರ ಗಾಡಿ ಓಡಿಸಿದೀರಿ, ಒಂದು ಸಲ ಯಾರಿಗಾದ್ರೂ ತೋರಿಸಿದ್ರೆ ಒಳ್ಳೇದೇನೋ..."

"ಗುರುವಾರ ಇಮೋಜೀನ್ ಹತ್ರ ಹೋಗ್ತೀನಿ ಬಿಡು" ಎಂದು ಮಾಮ ಕಾಲು ಇಳಿಸಿದ. "ಓಸೀ, ಇನ್ನೊಂಚೂರು ಪುಡಿಂಗ್ ಇದ್ಯೇನೇ?"

ಗುರುವಾರ. ಅವಳು ಅಷ್ಟು ಚೆನ್ನಾಗಿ ಹೇಳಿದ್ದಳು, ಪ್ರೂಯಿಟ್ ಆಗಿದ್ದಿದ್ದರೆ ಇಷ್ಟು ಹೊತ್ತಿಗೆ ಸ್ಕ್ಯಾನ್ ಮಾಡಿಸು ಎಂದಿರುತ್ತಿದ್ದರು. ಈ ವಿದ್ಯೆ ಡಾಕ್ಟರುಗಳ ಮೇಲೆ ಮಾತ್ರ ನಡೆಯುವಂಥದ್ದು, ಕಾಲಿನ ಯಜಮಾನನ ಮೇಲೆ ನಡೆಯುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು. ಹೊಳೆದದ್ದಕ್ಕೆ ಆಶ್ಚರ್ಯಪಡುತ್ತಿರುವಾಗಲೇ ಬಾಯಿಂದ ಮಾತು ಹೊರಟುಹೋಗಿತ್ತು.

"ಮಾಮಾ, ಕೂತ್ಕೋ. ನಿನ್ನ ಕಾಲಿನ ರಕ್ತನಾಳದೊಳಗೆ ಹೆಪ್ಪು ಕಟ್ಟಿದೆ. ಅದು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ನೀನು ಗುರುವಾರದ ತನಕ ಇರಲ್ಲ. ಈಗ್ಲೇ ಆಸ್ಪತ್ರೆಗೆ ಹೋಗು. ಓಸೀ ಅತ್ತೆ, ಗಾಡಿ ನೀವೇ ಓಡ್ಸಿ."

ಕೆಳಮನೆಯಲ್ಲಿ ಚಮಚ ಹಿಡಿದವರು ಚಮಚ ಹಿಡಿದೇ ನಿಂತರು. ಅವಳ ದನಿ ಅವಳಿಗೇ ಗುರುತು ಹತ್ತಲಿಲ್ಲ. ಜೋರಾಗಿತ್ತು, ಯಾರ ಅಪ್ಪಣೆಗೂ ಕಾಯದೆ ಇತ್ತು. ಮಾಮ ಅವಳ ಮುಖವನ್ನು ನೋಡಿದ, ಆಮೇಲೆ ತನ್ನ ಕಾಲನ್ನು ಪರರ ಕಾಲೆಂಬಂತೆ ನೋಡಿದ. ಓಸೀ ಪಾತ್ರೆಯನ್ನು ಕೆಳಗಿಟ್ಟು, ಅವನ ಜೇಬಿಗೆ ಕೈಹಾಕಿ ಗಾಡಿಯ ಕೀ ತೆಗೆದುಕೊಂಡಳು. ಇಬ್ಬರೂ ಹೋದರು. ಹೋದ ಮೇಲೂ ಯಾರೂ ರೀಥಾಳ ಹತ್ತಿರ ಮಚ್ಚೆ ತರಲಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ಬಂತು. ಆಸ್ಪತ್ರೆಯಿಂದಲ್ಲ, ಪಾದ್ರಿಯ ಹೆಂಡತಿಯಿಂದ, ಎದುರುಮನೆಯವಳಿಂದ, ತಾನು ಓಡಿಸುವ ಬಸ್ಸು ತೊಳೆಯಲು ಹೋಗಿದ್ದ ಗಂಡ ಕ್ಲೀಟಸ್‌ನಿಂದ. ಹೆಪ್ಪೂ ಇಲ್ಲ ಗಿಪ್ಪೂ ಇಲ್ಲ. ಮಂಡಿಯ ಹಿಂದೆ ಸಂಧಿವಾತದ ನೀರು ತುಂಬಿದ ಚೀಲವೊಂದು ಇತ್ತಂತೆ, ಅದು ಒಡೆದು ನೀರು ಮೀನಖಂಡಕ್ಕೆ ಇಳಿದಿತ್ತಂತೆ. ಕಾಲು ಎತ್ತಿಟ್ಟು ಮಲಗು ಎಂದು ಹೇಳಿ ಕಳಿಸಿದರಂತೆ. "ವರ್ಲಿನ್‌ನನ್ನ ಚರ್ಚಿನಲ್ಲೇ ಹೂತುಬಿಟ್ಟಿದ್ಯಂತಲ್ಲ" ಎಂದು ಕ್ಲೀಟಸ್ ನಗುತ್ತ ಬೂಟು ಬಿಚ್ಚಿದ. ಹೆಂಡತಿಯ ಮುಖ ನೋಡಿ ನಗುವುದನ್ನು ನಿಲ್ಲಿಸಿದ. ಅವಳಿಗೆ ನಾಚಿಕೆಯಾಗಿತ್ತು, ನಾಳೆ ಅಂಗಡಿಗೆ ಹೋಗುವುದಾದರೂ ಹೇಗೆ ಎನ್ನಿಸಿತ್ತು. ಆದರೆ ನಾಚಿಕೆಯ ಅಡಿಯಲ್ಲಿ ಇನ್ನೇನೋ ಇತ್ತು. ಅದೇನೆಂದು ಅವಳು ಪಾತ್ರೆ ತೊಳೆಯುತ್ತ ಹುಡುಕಿದಳು. ನಾನು ತಪ್ಪಿದೆ. ಎಷ್ಟು ವರ್ಷಗಳಿಂದ ನಾನು ಒಮ್ಮೆಯೂ ತಪ್ಪಿರಲಿಲ್ಲ! ತಪ್ಪುವುದಾದರೂ ಹೇಗೆ, ಏನನ್ನಾದರೂ ಹೇಳಿದ್ದರಲ್ಲವೇ? ಕಾಲು ದಪ್ಪ ಕಾಣುತ್ತೆ ಎಂದವಳು ಯಾವತ್ತೂ ತಪ್ಪುವುದಿಲ್ಲ, ಕಾಲು ದಪ್ಪವೇ ಇರುತ್ತದೆ. ಆಸ್ಪತ್ರೆಯಲ್ಲಿ ತಪ್ಪಿದ್ದೆಲ್ಲ ಪ್ರೂಯಿಟ್ ಒಬ್ಬರೇ. ಅವರು ತಪ್ಪಿದಾಗ ನರ್ಸುಗಳೆಲ್ಲ ಕಾಫಿಯ ಮೇಜಿನ ಸುತ್ತ ಕೂತು ನಾವು ಮೊದಲೇ ಅಂದುಕೊಂಡಿದ್ದೆವು ಎನ್ನುತ್ತಿದ್ದರು, ಅವಳೂ ಎನ್ನುತ್ತಿದ್ದಳು. ಆ ಕೋಟು ಚಾಚಿದ ಕೈಯನ್ನು ಅವಳು ಮೊದಲ ಬಾರಿಗೆ ಸ್ವಲ್ಪ ಮರುಕದಿಂದ ನೆನೆದಳು. ಆಮೇಲೆ ಕೈ ಒರೆಸಿಕೊಂಡು ಪುಸ್ತಕ ತೆಗೆದು, ಮಂಡಿಯ ಹಿಂದಿನ ಚೀಲದ ಪುಟ ಹುಡುಕಿ ಓದಿದಳು. ಎರಡನ್ನೂ ಕಣ್ಣಿನಿಂದ ನೋಡಿ ಬೇರೆ ಮಾಡುವುದು ಕಷ್ಟ, ಯಂತ್ರವಿಟ್ಟೇ ನೋಡಬೇಕು, ಕಳಿಸಿದ್ದು ಸರಿ ಎಂದು ಪುಸ್ತಕ ಹೇಳಿತು. ಅದರಿಂದ ಅವಳಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಚೀಲವನ್ನು ಬೆರಳಿನಿಂದ ಮುಟ್ಟಿ ನೋಡುವುದು. ಎಲ್ಲಿ ತಪ್ಪಿದೆ ಎಂದು ಬೆರಳಿಗೆ ಗೊತ್ತಾಗಬೇಕು.

ಹಾಗಾಗಿ ಸೋಮವಾರ ಬೆಳಗ್ಗೆ, ಓದಬೇಕಾದ ಹೊತ್ತಿನಲ್ಲಿ, ಅವಳು ವರ್ಲಿನ್ ಮಾಮನ ಮನೆಗೆ ಹೋದಳು. ಮಾಮ ಮುಂದಿನ ಜಗಲಿಯಲ್ಲಿ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದ. ಅವಳನ್ನು ಕಂಡರೆ ತಮಾಷೆ ಮಾಡುತ್ತಾನೆಂದು ಅಂದುಕೊಂಡಿದ್ದಳು. ಮಾಡಲಿಲ್ಲ. ಮಂಡಿಯ ಹಿಂದೆ ಮುಟ್ಟಲು ಬಿಟ್ಟ. ಅವಳು ಕಣ್ಣು ಮುಚ್ಚಿ ಮುಟ್ಟಿ ನೋಡಿದಳು. ಮೆತ್ತಗೆ, ಖಾಲಿಯಾದ ಏನೋ ಒಂದು ಇತ್ತು.

"ಕ್ಷಮಿಸು ಮಾಮ. ಸುಮ್ನೆ ಹೆದರ್ಸಿಬಿಟ್ಟೆ."

"ಹೆದರ್ಸಿದ್ದು ಇರ್ಲಿ ಬಿಡು" ಎಂದ ಮಾಮ ಒಳಗಿನ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ. "ನೀನು ಹೇಳಿದ್ ರೀತಿಗೆ ನನ್ ಕಥೆ ಮುಗೀತು ಅಂದ್ಕೊಂಡೆ ಕಣೆ. ದಾರೀಲೇ ಹೋಗ್ಬಿಡ್ತೀನಿ, ಹೇಳೋದನ್ನ ಹೇಳ್ಬಿಡೋಣ ಅಂತ ಓಸೀಗೆ ಹೇಳ್ಬಿಟ್ಟೆ."

"ಏನು ಹೇಳಿದೆ?"

"ನನ್ನನ್ನ ಗುಡ್ಡದ ಮೇಲೆ ನೆಲ್ ಪಕ್ಕ ಹೂಳಿ ಅಂತ."

ನೆಲ್ ಅವನ ಮೊದಲ ಹೆಂಡತಿ, ಮಗ ಹುಟ್ಟಿದ ವರ್ಷವೇ ತೀರಿಕೊಂಡವಳು. ಆ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿ ಮಿಶಿಗನ್‌ಗೆ ಕಳಿಸಿದವಳು ಓಸೀ. ಮನೆತನದ ಗೋರಿಗಳೆಲ್ಲ ಗುಡ್ಡದ ತಲೆಯ ಮೇಲಿವೆ, ಪ್ರತಿ ಮೇ ತಿಂಗಳು ಹುಲ್ಲು ಕತ್ತರಿಸಿ ಹೂವಿಡುವುದೂ ಓಸೀಯೇ. "ಆಸ್ಪತ್ರೇಲಿ ಅವರು ಏನೂ ಇಲ್ಲ ಹೋಗು ಅಂದ್ರು. ಆಡಿದ ಮಾತಿಗೆ ಏನ್ ಮಾಡ್ಲಿ? ನಿನ್ನೆಯಿಂದ ಅವಳು ನನ್ ಜೊತೆ ಮಾತಾಡ್ತಿಲ್ಲ" ಎಂದ ಮಾಮ. ಕಾಲಿಗಿಂತ ಇದು ಅವನಿಗೆ ಹೆಚ್ಚು ನೋಯುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ತಾನು ಹೇಳಿದ ಎರಡು ಮಾತು ಕೆಳಮನೆಯಿಂದ ಹೊರಟು, ಗಾಡಿ ಹತ್ತಿ, ಮೂವತ್ತು ವರ್ಷದ ಸಂಸಾರದೊಳಗೆ ಹೋಗಿ ಕೂತಿದೆ! ಪರೀಕ್ಷೆಯ ಗಂಡಸರು ಹೆಸರು ಕೇಳಿದ ಮೇಲೆ ಏನು ಮಾಡುತ್ತಾರೆ, ದಾರಿಯಲ್ಲಿ ಯಾರಿಗೆ ಏನು ಹೇಳುತ್ತಾರೆ ಎಂದು ಯಾವ ಪುಸ್ತಕವೂ ಬರೆದಿರಲಿಲ್ಲ. ರೀಥಾ ಅಡುಗೆಮನೆಗೆ ಹೋದಳು, ಬೈಸಿಕೊಳ್ಳುವುದಕ್ಕೆ ಸಿದ್ಧಳಾಗಿ.

ಓಸೀ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಳು. "ಹೇಳಿದ್ನಾ?"

"ಹೇಳ್ದ. ನನ್ನಿಂದ ಆಯ್ತು ಅತ್ತೆ."

"ನಿನ್ನಿಂದ ಏನೂ ಆಗಿಲ್ಲ. ಅದು ಅವನ ಮನಸ್ಸಲ್ಲಿ ಇತ್ತು, ನೀನು ಅಲ್ಲಾಡಿಸ್ದೆ, ಬಿತ್ತು. ಮೂವತ್ತು ವರ್ಷ ನಾನು ಮಾಡಿದ್ ರೊಟ್ಟಿ ತಿಂದು, ಹೋಗೋವಾಗ ಅವಳ ಪಕ್ಕ. ಗುಡ್ಡದ ಮೇಲೆ ನೆಲ್‌ಗೆ ಆ ಕಡೆ ಅವನಪ್ಪ, ಈ ಕಡೆ ಖಾಲಿ ಇರೋದು ಒಂದೇ ಜಾಗ. ನಾನ್ ಯಾರ್ ಪಕ್ಕ ಮಲಗ್ಲಿ? ನಮ್ಮತ್ತೆ ಪಕ್ಕಾನಾ?" ಎಂದು ಒಲೆ ಆರಿಸಿದಳು. ರೀಥಾಳಿಗೆ ನಗು ಬಂತು, ನಗಬಾರದೆಂದು ತಡೆದುಕೊಂಡಳು. ನೋಡಿದರೆ ಓಸೀಯೇ ನಗುತ್ತಿದ್ದಳು, ಕಣ್ಣು ಒದ್ದೆಯಾಗಿತ್ತು. ಆಮೇಲೆ ಓಸೀ ಜಗಲಿಯ ಬಾಗಿಲನ್ನು ಎಳೆದು ಮುಚ್ಚಿದಳು, ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದಳು, ಬಲಗೈ ಎತ್ತಿ ತಲೆಯ ಮೇಲಿಟ್ಟುಕೊಂಡಳು.

"ಇಲ್ಲಿ ಕೈ ಹಾಕಿ ನೋಡು. ಎದೇಲಿ ಒಂದಿದೆ, ಕಂಕುಳಲ್ಲಿ ಒಂದಿದೆ. ಹೋದ ಚಳಿಗಾಲದಿಂದ."

ರೀಥಾ ಕೈ ಬೆಚ್ಚಗಾಗಲೆಂದು ಉಜ್ಜಿಕೊಂಡಳು. ಹೊರಗೆ ಮಾಮ ಯಾವುದೋ ಪ್ರಾರ್ಥನೆಯ ಹಾಡನ್ನು ರಾಗ ತಪ್ಪಿಸಿ ಗುನುಗುತ್ತಿದ್ದ, ಹೆಂಡತಿಗೆ ಕೇಳಲೆಂದೇ. ರೀಥಾಳ ಬೆರಳು ಗಂಟನ್ನು ಮುಟ್ಟಿತು, ಸುತ್ತಿತು, ಜರುಗಿಸಲು ನೋಡಿತು. ಜರುಗಲಿಲ್ಲ. ಮೇಲಿನ ಚರ್ಮ ಒಂದು ಕಡೆ ಒಳಕ್ಕೆ ಎಳೆದುಕೊಂಡಿತ್ತು. ಕಂಕುಳಿನದೂ ಗಟ್ಟಿ. ಅವಳಿಗೆ ಗೊತ್ತಾಯಿತು. ಗೊತ್ತಾದೊಡನೆ ನಾಲಿಗೆ ಹಳೆಯ ದಾರಿ ಹಿಡಿಯಿತು.

"ಗಟ್ಟಿ ಇದೆ ಅತ್ತೆ. ಅಂಚು ಒರಟು, ಅಲ್ಲಾಡಲ್ಲ. ಮೇಲೆ ಚರ್ಮ ಒಂಚೂರು—"

"ಅದು ಹೇಗಿದೆ ಅಂತ ನಂಗೆ ಹೇಳ್ಬೇಡ" ಎಂದಳು ಓಸೀ ಕೈ ಇಳಿಸದೆ. "ದಿನಾ ಸ್ನಾನ ಮಾಡೋವಾಗ ಮುಟ್ಟೋಳು ನಾನು. ಅದು ಏನು ಅಂತ ಹೇಳು."

"ನಿನ್ನೆ ತಾನೇ ನಾನು ತಪ್ಪು ಹೇಳಿದೀನಿ."

"ಅದಕ್ಕೇ ನಿನ್ನ ಕೇಳ್ತಿರೋದು. ಆ ಡಾಕ್ಟ್ರುಗಳು ತಪ್ಪೋರಲ್ಲ, ಅವರು ಹೇಳಿದ್ರೆ ಅಲ್ಲಿಗೆ ಮುಗೀತು. ಅದಕ್ಕೆ ಹೆದರ್ಕೊಂಡೇ ನಾನು ಯಾರ್ ಹತ್ರನೂ ಹೋಗ್ಲಿಲ್ಲ. ನೀನು ತಪ್ಪಬಹುದು ಅಂತ ನಿನ್ನೆ ಗೊತ್ತಾಯ್ತು. ನಿನ್ನ ಬಾಯಲ್ಲಿ ಕೇಳೋಕೆ ಧೈರ್ಯ ಬಂತು."

ಊರೆಲ್ಲ ನಕ್ಕ ತಪ್ಪು ಈ ಹೆಂಗಸಿಗೆ ಬಾಗಿಲಾಗಿ ಕಂಡಿದೆ. ಹೆಸರು ಹೇಳುವುದೆಂದರೆ ಗೊತ್ತಿರುವುದನ್ನು ಹೇಳುವುದು ಎಂದು ರೀಥಾ ತಿಳಿದಿದ್ದಳು, ಪರೀಕ್ಷೆಯವರೂ ಹಾಗೇ ತಿಳಿದಿದ್ದಾರೆ. ಗೊತ್ತಿಲ್ಲದೆಯೂ ಹೇಳಬೇಕಾದದ್ದು, ಹೇಳಿ ಅದರ ಪಕ್ಕದಲ್ಲೇ ನಿಲ್ಲಬೇಕಾದದ್ದು ಇದೆಯಲ್ಲ, ಅದನ್ನು ಪ್ರೂಯಿಟ್ ಎಷ್ಟು ಸಲ ಒಬ್ಬರೇ ಮಾಡಿರಬೇಕು. ಓಸೀಯ ತೋಳು ಇನ್ನೂ ತಲೆಯ ಮೇಲೆಯೇ ಇತ್ತು. ರೀಥಾ ಅದನ್ನು ಹಿಡಿದು ಮೆಲ್ಲಗೆ ಇಳಿಸಿದಳು.

"ಕ್ಯಾನ್ಸರ್ ಅತ್ತೆ. ನಂಗೆ ಹಾಗೆ ಅನ್ನಿಸ್ತಿದೆ. ಸೂಜಿ ಹಾಕಿ ನೋಡೋ ತನಕ ಖಾತ್ರಿ ಇಲ್ಲ. ಆದ್ರೆ ನನ್ನ ಕೇಳಿದ್ರೆ, ಕ್ಯಾನ್ಸರ್."

ಓಸೀ ಗುಂಡಿ ಹಾಕಿಕೊಂಡಳು. ಒಂದು ಗುಂಡಿ ತಪ್ಪಿ ಬೇರೆ ಕಾಜಕ್ಕೆ ಹೋಯಿತು, ಬಿಚ್ಚಿ ಮತ್ತೆ ಹಾಕಿಕೊಂಡಳು. ನೀರು ಕುಡಿದಳು. "ಸರಿ" ಎಂದಳು. ರೀಥಾ ಅಲ್ಲಿಂದಲೇ ಇಮೋಜೀನ್‌ಗೆ ಫೋನು ಮಾಡಿದಳು. ಆಕೆ ಎಲ್ಲ ಕೇಳಿ, ನಿನಗೇನು ಅನ್ನಿಸುತ್ತೆ ಎಂದು ಕೇಳಿ, ಉತ್ತರಕ್ಕೆ ಕಾದಳು. ರೀಥಾ ಅದೇ ಮಾತನ್ನು ಎರಡನೆಯ ಸಲ ಹೇಳಿದಳು. ಸ್ವಲ್ಪ ಹೊತ್ತಿನಲ್ಲಿ ಇಮೋಜೀನ್ ಮತ್ತೆ ಫೋನು ಮಾಡಿ, ನಾಳೆ ಮಧ್ಯಾಹ್ನ ಲೆಕ್ಸಿಂಗ್ಟನ್‌ನ ದೊಡ್ಡ ಆಸ್ಪತ್ರೆಯಲ್ಲಿ ನೋಡುತ್ತಾರಂತೆ ಎಂದಳು. ಪರೀಕ್ಷೆಯೂ ಅದೇ ಊರಿನಲ್ಲಿ, ಬೆಳಗ್ಗೆ.

"ನಿನ್ ಗಾಡೀಲೇ ಬರ್ತೀನಿ" ಎಂದಳು ಓಸೀ. "ನಿನ್ನ ಪರೀಕ್ಷೆ ಮುಗಿಯೋ ತನಕ ಕೂತಿರ್ತೀನಿ."

"ಮಾಮನಿಗೆ?"

"ಅವನಿಗೆ ನಾನು ಹೇಳ್ಕೋತೀನಿ. ಅವನೂ ಸ್ವಲ್ಪ ಗುಡ್ಡದ್ ಲೆಕ್ಕ ಹಾಕ್ಲಿ."

ಮಂಗಳವಾರ ಬೆಟ್ಟಗಳು ಮುಗಿದು ಬಯಲು ಬರುವವರೆಗೂ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಓಸೀ ಒಮ್ಮೆ, ಪರೀಕ್ಷೆಯಲ್ಲಿ ಏನು ಕೇಳುತ್ತಾರೆ ಎಂದಳು. ಜನರನ್ನು ಕೇಳ್ತಾರೆ ಅತ್ತೆ, ಹೆಸರಿಲ್ಲದ ಜನ ಎಂದಳು ರೀಥಾ. ಪರೀಕ್ಷೆಯ ಕಟ್ಟಡದಲ್ಲಿ ಜೇಬು ಹೊರಗೆಳೆದು ತೋರಿಸು, ತೋಳು ಮಡಚು, ಕನ್ನಡಕ ಕೊಡು ಎಂದರು, ಕಳ್ಳಿಯನ್ನು ತಡಕುವಂತೆ ತಡಕಿದರು. ಏಪ್ರಿಲ್‌ನಲ್ಲಿ ಇದರಿಂದಲೇ ಅವಳ ಅರ್ಧ ಜೀವ ಹೋಗಿತ್ತು. ಇಂದು ಆ ತಡಕುವ ಹುಡುಗಿಯ ಕೈಗಳನ್ನು ನೋಡಿದಳು, ಬೆರಳ ಗೆಣ್ಣುಗಳು ಊದಿದ್ದವು, ಎರಡೂ ಕೈಯಲ್ಲಿ ಒಂದೇ ಸಮ; ಮನಸ್ಸಿನಲ್ಲೇ ಒಂದು ಹೆಸರು ಹೇಳಿ ಒಳಗೆ ಹೋದಳು. ಪರದೆಯ ಮೇಲೆ ಒಬ್ಬೊಬ್ಬರಾಗಿ ಬಂದರು. ಜ್ವರದ ಮಗು, ತಲೆ ಸುತ್ತುವ ಶಾಲಾ ಮೇಷ್ಟರು, ನಿದ್ದೆ ಬಾರದ ವಿಧವೆ. ಅವರನ್ನು ಕರೆತಂದವರು ಯಾರೆಂದು ಅವಳು ಈಗಲೂ ಯೋಚಿಸಿದಳು, ಹೆಸರು ಕೇಳಿದ ಮೇಲೆ ಅವರು ಯಾವ ಕಡೆ ಗಾಡಿ ತಿರುಗಿಸುತ್ತಾರೆಂದೂ ಯೋಚಿಸಿದಳು, ಆಮೇಲೆ ಹೆಸರು ಒತ್ತಿದಳು. ಕೆಲವು ಕಡೆ ಖಾತ್ರಿಯಿತ್ತು, ಬಹಳ ಕಡೆ ಇರಲಿಲ್ಲ. ಸರಿಯಿರಲಪ್ಪಾ ಎಂದುಕೊಂಡು ಮುಂದಿನವರನ್ನು ಕರೆದಳು. ಎಲ್ಲ ಮುಗಿದ ಮೇಲೆ ಪರದೆ ಒಂದು ಗಳಿಗೆ ಬೆಳ್ಳಗಾಯಿತು. ಪಾಸು ಎಂದಿತ್ತು.

ಓಸೀ ಗಾಡಿಯ ಕಿಟಕಿ ಇಳಿಸಿಕೊಂಡು, ಮನೆಯಿಂದ ಕಟ್ಟಿ ತಂದಿದ್ದ ಸ್ಯಾಂಡ್‌ವಿಚ್ಚನ್ನು ಬಿಚ್ಚದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ರೀಥಾಳ ನಡಿಗೆ ನೋಡಿಯೇ ಅವಳಿಗೆ ತಿಳಿಯಿತು.

"ಆಯ್ತಾ?"

"ಆಯ್ತು ಅತ್ತೆ. ಪಾಸು."

"ದೇವರು ದೊಡ್ಡೋನು" ಎಂದು ಓಸೀ ಅವಳ ಕೆನ್ನೆ ಸವರಿದಳು. ನಿಜವಾಗಿಯೂ ಸಂತೋಷಪಟ್ಟಳು, ಕ್ಲಿನಿಕ್ಕಿನ ಬಾಗಿಲಿಗೆ ಬೇರೆ ಬಣ್ಣ ಹೊಡೆಸು, ಆ ಹಸಿರು ನೋಡಕ್ಕಾಗಲ್ಲ ಎಂದಳು. ಗಾಡಿ ರಸ್ತೆಗೆ ಬಂದ ಮೇಲೆ, ಸೀಟಿನ ಪಟ್ಟಿ ಎದೆಗೆ ತಾಗದಂತೆ ಕೈಯಲ್ಲಿ ಹಿಡಿದುಕೊಂಡು, ಕಿಟಕಿಯ ಹೊರಗೆ ನೋಡುತ್ತ ಕೇಳಿದಳು: "ಹಾಗಾದ್ರೆ, ನೀನು ನಿನ್ನೆ ನಂಗೆ ಹೇಳಿದ್ದು ಈಗ ಗಟ್ಟಿಯಾಗ್ಬಿಡ್ತಾ?"

"ಇಲ್ಲ ಅತ್ತೆ. ಈಗ್ಲೂ ತಪ್ಪಿರಬಹುದು."

"ಇರಬಹುದಾ?"

"ಇರಬಹುದು."

ಓಸೀ ತಲೆಯಾಡಿಸಿದಳು. ಬೆಳಗ್ಗೆಯಿಂದ ಒಂದೊಂದು ಪ್ರಶ್ನೆಗೂ ತನ್ನ ಉತ್ತರ ಸರಿಯಿರಲೆಂದು ಬೇಡಿಕೊಂಡಿದ್ದ ರೀಥಾ, ಆಸ್ಪತ್ರೆಯ ದಾರಿಯುದ್ದಕ್ಕೂ, ಈ ಒಂದು ಮಾತ್ರ ತಪ್ಪಾಗಲಿ, ಊರೆಲ್ಲ ಮತ್ತೊಮ್ಮೆ ನಗಲಿ ಎಂದು ಬೇಡಿಕೊಂಡಳು.